ಹಿನ್ನೀರಿನ ದಡದಲ್ಲಿ ಒಂದು ದಿನ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರದ ಸಾರ: ಶಿವಮೊಗ್ಗದ ಓದುಗರೊಬ್ಬರು ಬೇಸಿಗೆ ರಜೆಯಲ್ಲಿ ಮಕ್ಕಳನ್ನೂ ವಯಸ್ಸಾದ ಅತ್ತೆಯವರನ್ನೂ ಕರೆದುಕೊಂಡು ಶರಾವತಿ ಹಿನ್ನೀರಿನ ದಡದ ಉದ್ಯಾನವೊಂದಕ್ಕೆ ಹೋಗಿಬಂದು ಬರೆದಿದ್ದಾರೆ. ಶೌಚಾಲಯಕ್ಕೆ ಬೀಗ ಹಾಕಿತ್ತು. ಅತ್ತೆಯವರಿಗೆ ಕೂರಲು ಒಂದು ಕಲ್ಲುಬೆಂಚೂ ಇರಲಿಲ್ಲ. ಕಾರು ನಿಲ್ಲಿಸಲು ಹಣ ಪಡೆದವರು ರಸೀದಿ ಕೊಡಲಿಲ್ಲ. ಮಕ್ಕಳು ಮೊಣಕಾಲುದ್ದ ನೀರಿಗೆ ಇಳಿಯುವಷ್ಟರಲ್ಲಿ ಕಾವಲುಗಾರ ಸೀಟಿ ಊದಿ ಗದರಿಸಿದ. ಚಿಕ್ಕ ಮಗನ ಪಾದಕ್ಕೆ ಬಾಟಲಿಯ ಗಾಜು ಚುಚ್ಚಿತು. ‘ಗೋಕರ್ಣ, ಮುರುಡೇಶ್ವರದಲ್ಲಿ ಹಾಯಾಗಿ ನೀರಾಡಬಹುದಾದರೆ ಇಷ್ಟು ನೀರಿರುವ ನಮ್ಮ ಮಲೆನಾಡಿನಲ್ಲಿ ಏಕೆ ಆಗದು?’ ಎಂಬುದು ಅವರ ಪ್ರಶ್ನೆ.

ನಮಸ್ಕಾರ.

ಮಗುವಿನ ಗಾಯ ಮಾಯ್ದಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಓದಿ ಸಮಾಧಾನವಾಯಿತು. ನೀವು ಹೆಸರಿಸಿದ ಜಾಗವನ್ನು ನಾವು ಇಲ್ಲಿ ಹೇಳುತ್ತಿಲ್ಲ. ಇಂಥ ಸ್ಥಿತಿ ಬೇರೆ ದಡಗಳಲ್ಲೂ ಇರುವಾಗ ಒಂದೇ ಊರನ್ನು ಎತ್ತಿ ತೋರಿಸುವುದು ಸರಿಯಲ್ಲ.

ನಿಮ್ಮ ದೂರುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ನ್ಯಾಯವಾದವು. ಬಿಟ್ಟದ್ದು ಕಾವಲುಗಾರನ ಮೇಲಿನದು. ಅದು ಪ್ರಾಣಕ್ಕೆ ಸಂಬಂಧಿಸಿದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀವು ನಿಂತಿದ್ದ ದಡ ಅದಕ್ಕೂ ಮೊದಲು ಗುಡ್ಡದ ಓರೆಯಾಗಿತ್ತು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಹಳ್ಳ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ನಡುವೆ ಮನೆ, ಬಾವಿ, ಬೇಲಿಯ ಅಗಳ. ನೀರು ಬಂದು ಇವೆಲ್ಲವನ್ನೂ ಮುಚ್ಚಿತೇ ಹೊರತು ನೆಲವನ್ನು ಮಟ್ಟಸ ಮಾಡಲಿಲ್ಲ. ಹಿನ್ನೀರಿನಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಆಳ ಇರಬಹುದು. ಅಲ್ಲಿ ಯಾರದೋ ಗದ್ದೆಯ ಏರಿ ಮುಗಿದಿರುತ್ತದೆ, ಇಲ್ಲವೇ ಹಳ್ಳದ ದಂಡೆ ಇರುತ್ತದೆ. ಕೆಂಪಗೆ ಕದಡಿದ ನೀರನ್ನು ದಡದಲ್ಲಿ ನಿಂತು ನೋಡುವವರಿಗೆ ಅದು ಕಾಣುವುದಿಲ್ಲ.

ಕೆಸರಿನ ಅಪಾಯ ಇನ್ನೂ ಮೋಸದ್ದು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ನಿಂತ ಮೇಲೆ ವಿದ್ಯುತ್ತಿಗಾಗಿ ನೀರು ಖರ್ಚಾದಂತೆ ಮಟ್ಟ ಇಳಿಯುತ್ತಾ ಹೋಗಿ, ನೀವು ಹೋದ ಬೇಸಿಗೆಯ ಹೊತ್ತಿಗೆ ಕೆಂಪು ನೆಲ ಬಹುದೂರ ಬಯಲಾಗಿರುತ್ತದೆ. ಮುಳುಗಿದ ಕಾಡಿನ ಕಪ್ಪು ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿರುತ್ತವೆ. ನೀರಂಚಿನ ಮಣ್ಣು ಮೇಲೆ ಒಣಗಿ, ಬಿರಿದು, ಅಂಗೈ ಅಗಲದ ಹೆಕ್ಕಳೆಗಳಾಗಿ ಎದ್ದಿರುತ್ತದೆ. ಗಟ್ಟಿ ನೆಲವೆಂದು ಕಾಲಿಟ್ಟರೆ ಹೆಕ್ಕಳೆ ಮುರಿದು ಅಡಿಯ ಹಸಿ ಗೋಡು ಪಾದವನ್ನು ಹಿಡಿದುಕೊಳ್ಳುತ್ತದೆ. ಒಂದು ಕಾಲನ್ನು ಕೀಳಲು ಹೋದರೆ ಇನ್ನೊಂದು ಹೂತುಕೊಳ್ಳುತ್ತದೆ. ಈಜು ಬಲ್ಲವರಿಗೂ ಅಲ್ಲಿ ಈಜು ನೆರವಿಗೆ ಬರುವುದಿಲ್ಲ, ಮಕ್ಕಳ ಪಾಡನ್ನು ಕೇಳುವುದೇ ಬೇಡ.

ಅದಕ್ಕಾಗಿಯೇ ಆತ ಸೀಟಿ ಊದಿದ್ದು. ಗದರಿಸಿದ ಮಾತು ಒರಟಾಗಿತ್ತು ಎಂದಿರಿ, ಇದ್ದಿರಬಹುದು. ‘ಆಚೆ ಬದಿಯಲ್ಲಿ ಕುಡಿದು ಈಜುತ್ತಿದ್ದ ಹುಡುಗರನ್ನು ಏಕೆ ತಡೆಯಲಿಲ್ಲ?’ ಎಂದೂ ಕೇಳಿದ್ದೀರಿ. ಒಬ್ಬನೇ ಮನುಷ್ಯ, ಕೈಯಲ್ಲಿ ಒಂದು ಸೀಟಿ, ಕಣ್ಣು ಹಾಯುವಷ್ಟು ದಡ. ಆತನಿಗೆ ಜೊತೆಗೊಬ್ಬ ಆಳು, ಎಸೆಯಲು ಹಗ್ಗ ಕಟ್ಟಿದ ಟ್ಯೂಬು, ಒಂದಿಷ್ಟು ಲೈಫ್ ಜಾಕೆಟ್ ಇರಬೇಕಿತ್ತು. ದೂರು ಅದರ ಬಗ್ಗೆ ಇರಲಿ. ಮುರುಡೇಶ್ವರವನ್ನು ನೆನೆದಿರಿ. ಅಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಹಾಯಾಗಿ ಕಾಣುವ ನೀರು ಎಲ್ಲಿಯೂ ಹಾಯಲ್ಲ.

ಇನ್ನು ಶೌಚಾಲಯದ ಬೀಗ. ಇದನ್ನು ಓದಿ ನನಗೆ ಸಿಟ್ಟು ಬಂತು. ಕಟ್ಟಡ ಕಟ್ಟಲು ಹಣ ಮಂಜೂರಾಗುತ್ತದೆ, ಉದ್ಘಾಟನೆಯ ಫಲಕವೂ ಬೀಳುತ್ತದೆ. ಟ್ಯಾಂಕಿಗೆ ನೀರು ತುಂಬಿ ಗುಡಿಸಿ ತೊಳೆಯುವವರ ಸಂಬಳಕ್ಕೆ ಮಾತ್ರ ಯಾವ ಲೆಕ್ಕದಲ್ಲೂ ಜಾಗವಿರುವುದಿಲ್ಲ. ಪ್ರವಾಸ ಹೊರಡುವ ದಿನ ಬೆಳಗಿನಿಂದ ನೀರನ್ನೇ ಕುಡಿಯದೆ ಇರುವ ಹೆಂಗಸರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಕಣ್ಣೆದುರು ಅಷ್ಟು ನೀರಿದ್ದೂ ನಿಮ್ಮ ಅತ್ತೆಯವರು ಬಾಯಾರಿಕೊಂಡು ಕಾರಿನಲ್ಲೇ ಕೂತಿದ್ದರು ಎಂದು ಬರೆದಿದ್ದೀರಲ್ಲ, ಆ ಒಂದು ಸಾಲು ಸಾಕು. ಪ್ರವಾಸೋದ್ಯಮದ ಹೆಸರಿನಲ್ಲಿ ಅಲ್ಲಿ ಬೇರೇನು ಕಟ್ಟುವುದಕ್ಕೂ ಮೊದಲು ಆ ಬೀಗ ತೆಗೆಯಬೇಕು.

ಇದು ಆಗದ ಕೆಲಸವಲ್ಲ. ಇದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಆ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕಟವೂ ಸುರಕ್ಷಿತವೂ ಆದ ತೀರಗಳಿಗೆ ಕೊಡುವ ನೀಲಿ ಬಾವುಟದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ 33 ಮಾನದಂಡಗಳಿವೆ: ನೀರಿನ ಪರೀಕ್ಷೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಅಂಗವಿಕಲರಿಗೆ ದಾರಿ ಇತ್ಯಾದಿ. ಒಂದೇ ನದಿ, ಕೆಳಗೆ ಸಾಧ್ಯವಾದದ್ದು ಮೇಲೆ ಏಕೆ ಸಾಧ್ಯವಿಲ್ಲ? ಹಿನ್ನೀರಿಗೆ ಬಾವುಟ ಬೇಡ, ಅದರ ಹಿಂದಿನ ಶಿಸ್ತು ಸಾಕು.

ರಸೀದಿ ಕೊಡದವರಿಗೆ ಹಣ ಕೊಡಬೇಡಿ. ಅಷ್ಟೇ.

ಗಾಜಿನ ವಿಷಯ ಅಷ್ಟು ಸುಲಭವಲ್ಲ. ಮೇ ತಿಂಗಳಲ್ಲಿ ನೀರಂಚಿನಲ್ಲಿ ಒಡೆದ ಬಾಟಲಿ ಮಳೆಗಾಲದಲ್ಲಿ ನೀರಿನಡಿ ಸೇರುತ್ತದೆ. ಅದರ ಮೇಲೆ ಗೋಡು ಕೂರುತ್ತದೆ. ಮುಂದಿನ ಬೇಸಿಗೆಯಲ್ಲಿ ನೀರು ಸರಿದಾಗ ಅದೇ ಚೂರು ಮಣ್ಣಿನೊಳಗೆ ಅಂಚು ಮೇಲಾಗಿ ಕಾದಿರುತ್ತದೆ. ನಿಮ್ಮ ಮಗನಿಗೆ ಚುಚ್ಚಿದ್ದು ಹೋದ ವರ್ಷದ್ದೋ ಅದರ ಹಿಂದಿನದ್ದೋ ಆಗಿರಲಿಕ್ಕೂ ಸಾಕು. ಹೀಗಾಗಿ ಇಲ್ಲಿ ಒಂದು ಭಾನುವಾರದ ಸ್ವಚ್ಛತಾ ಅಭಿಯಾನ, ಫೋಟೋ, ಭಾಷಣ ಯಾವುದೂ ಸಾಲದು. ಬಾಟಲಿಯನ್ನು ದಡಕ್ಕೆ ಇಳಿಯುವ ಮೊದಲೇ ಗೇಟಿನಲ್ಲಿ ತಡೆಯಬೇಕು. 2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದ ಮೇಲೆ ಇದು ಇನ್ನೂ ತುರ್ತಾಗಿದೆ. ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸರದಿ ಕಾಯಬೇಕಿತ್ತು, ಲಾಂಚು ಹಿಡಿಸಿದಷ್ಟೇ ವಾಹನ ಆಚೆ ದಡ ಸೇರುತ್ತಿದ್ದವು. ಆಚೆ ದಡದ ತುಮರಿ ಕಡೆಯವರು ದಶಕಗಳ ಕಾಲ ಬೇಡಿದ ಸೇತುವೆ ಅದು, ಅವರಿಗೆ ಸಿಕ್ಕಿದ್ದು ನನಗೆ ನಿಜವಾಗಿಯೂ ಸಂತೋಷ. ಆದರೆ ಅದರ ಮೇಲೆ ಹೋಗುವ ಪ್ರವಾಸಿಗರಿಗೆ ತಡೆಯಿಲ್ಲ, ಆಚೆಗೆ ಸಿದ್ಧತೆಯೂ ಸಾಲದು.

‘ದಡದುದ್ದಕ್ಕೂ ಬೀಚ್ ಮಾಡಲಿ’ ಎಂದಿರಿ. ಇದಕ್ಕೆ ಮಾತ್ರ ನಾನು ಒಪ್ಪಲಾರೆ. ಶರಾವತಿ ಕಣಿವೆಯ ಕಾಡಿನ ಒಂದು ಭಾಗ 2019ರಿಂದ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಅತ್ತ ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರಿಳಿದು ಮೇಲೇಳುವ ನಡುಗಡ್ಡೆಗಳ ಮೇಲೆ ನದಿ ರೀವ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ; ಬಯಲಾದ ನೆಲವೆಲ್ಲ ನಮ್ಮ ವಿಹಾರಕ್ಕೇ ಎಂದುಕೊಂಡರೆ ಅವು ಎಲ್ಲಿಗೆ ಹೋಗಬೇಕು? ಇನ್ನು ಮುಳುಗಡೆಯಾಗಿ ಎದ್ದುಹೋದ ಕುಟುಂಬಗಳು. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿದ್ದಾರೆ. ಅವರಿಗೆ ಹಕ್ಕುಪತ್ರ ಕೊಡಲು ಸಿಗದ ದಾರಿ ರೆಸಾರ್ಟುಗಳಿಗೆ ದಡ ಕೊಡಲು ಸಿಕ್ಕಿಬಿಟ್ಟರೆ ಅದು ಅನ್ಯಾಯ.

ನಾನು ಕೇಳುವುದು ಕಡಿಮೆ. ತಾಲ್ಲೂಕಿಗೆ ಒಂದೇ ಜಾಗ ಸಾಕು. ನೀರು ಪೂರ್ತಿ ಇಳಿದಾಗ ತಳದ ನೆಲವನ್ನು ಅಳೆದು, ಬೊಡ್ಡೆ ತೆಗೆದು, ಹಗ್ಗ ಮತ್ತು ತೇಲುಬುಂಡೆಗಳಿಂದ ಎಲ್ಲೆ ಗುರುತು ಮಾಡಬೇಕು. ಮಟ್ಟ ಏರಿಳಿದಂತೆ ಆ ಹಗ್ಗವನ್ನೂ ಸರಿಸುವ ಆಳುಗಳು ಊರಿನವರೇ ಆಗಿರಲಿ. ಪ್ರವೇಶಧನ ಗ್ರಾಮ ಪಂಚಾಯಿತಿಯಲ್ಲೇ ಉಳಿದು ಅದೇ ದಡಕ್ಕೆ ಖರ್ಚಾಗಲಿ. ಉಳಿದ ದಡ ಇದ್ದಂತೆಯೇ ಇರಲಿ.

ಕೊನೆಯದಾಗಿ, ಅತ್ತೆಯವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂಬ ನಿಮ್ಮ ಪ್ರಶ್ನೆ. ಜಲಾಶಯವನ್ನು ಕಟ್ಟಿದ್ದು ಟರ್ಬೈನುಗಳಿಗಾಗಿ, ಕೆರೆಯನ್ನು ಕಟ್ಟಿದ್ದು ಜನರಿಗಾಗಿ. ನೀರಿನ ಪಕ್ಕ ಸುಮ್ಮನೆ ಕೂರಬೇಕೆನ್ನುವವರಿಗೆ ಕೆರೆಯೇ ಮೇಲು. ಸಾಗರದ ಪೇಟೆಯಲ್ಲೇ ಗಣಪತಿ ಕೆರೆ ಇದೆ. ಆನಂದಪುರದ ಬಳಿ ಮಲಂದೂರಿನಲ್ಲಿ ಚಂಪಕ ಸರಸಿ ಇದೆ, ಜಂಬಿಟ್ಟಿಗೆಯ ಮೆಟ್ಟಿಲುಗಳ ಹಳೆಯ ಕೊಳ. ಮೇಲೆ ಕೂತೇ ನೋಡಬಹುದು. ಮಕ್ಕಳಿಗೆ ನೀರಾಟವೇ ಬೇಕೆಂದರೆ ಇದೇ ಹಿನ್ನೀರಿನ ದಡದ ಹೊನ್ನೆಮರಡುವಿನಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಿ, ಲೈಫ್ ಜಾಕೆಟ್ ಹಾಕಿಸಿಯೇ ಇಳಿಸಿ. ಬೇಸಿಗೆಯಲ್ಲಿ ಬೇಡ, ದಸರಾ ರಜೆಯಲ್ಲಿ ಹೋಗಿ. ಒಳ್ಳೆಯ ಮಳೆಯಾದ ವರ್ಷ ಆಗ ನೀರು ಮೇಲಿನ ಗಟ್ಟಿ ನೆಲದವರೆಗೂ ಬಂದಿರುತ್ತದೆ, ಕೆಸರು ದಾಟಿ ನಡೆಯಬೇಕಾಗುವುದಿಲ್ಲ.

ನಿಮ್ಮ ಪತ್ರದ ಪ್ರತಿಯನ್ನು, ಹೆಸರು ವಿಳಾಸ ತೆಗೆದು, ಸಂಬಂಧಪಟ್ಟ ಪಂಚಾಯಿತಿಗೆ ಕಳುಹಿಸಿದ್ದೇವೆ. ಶೌಚಾಲಯದ ಬೀಗದ ಬಗ್ಗೆ ಅಲ್ಲಿಂದ ಬರುವ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಬಾರದಿದ್ದರೆ ಮತ್ತೊಮ್ಮೆ ಬರೆಯುತ್ತೇವೆ.

— ಸಂಪಾದಕ