ದಾವೀದ ಹೆದರಿದ್ದ, ಅದನ್ನು ಬರೆಯಿರಿ

ಪ್ರಿಯ ಸಹೋದರಿ,

ಕರ್ತನ ನಾಮದಲ್ಲಿ ವಂದನೆಗಳು. ನೀವು ಕಳಿಸಿದ ‘ಹೆದರದ ಭಕ್ತ’ ಲೇಖನ ತಲುಪಿದೆ. ಭಾಷೆ ಚೊಕ್ಕವಾಗಿದೆ, ಕಾಗುಣಿತದ ತಪ್ಪು ಒಂದೂ ಕಣ್ಣಿಗೆ ಬೀಳಲಿಲ್ಲ, ವಚನಗಳ ಸಂಖ್ಯೆಗಳೂ ಸರಿಯಾಗಿವೆ. ಅದಕ್ಕೆ ಅಭಿನಂದನೆ. ಆದರೆ ಈಗ ಇರುವ ಹಾಗೆ ಇದನ್ನು ಅಚ್ಚು ಹಾಕಲು ನನಗೆ ಮನಸ್ಸಿಲ್ಲ. ಎರಡು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಜೊತೆಗೆ ಇಟ್ಟಿದ್ದ ನಿಮ್ಮ ಪತ್ರ ಓದಿದ ಮೇಲೆ ಹಾಗೆ ಮಾಡಲು ಆಗಲಿಲ್ಲ.

‘ನಮ್ಮೂರಲ್ಲಿ ಪ್ರಾರ್ಥನೆಗೆ ಸೇರಲು ಜನ ಹೆದರುತ್ತಿದ್ದಾರೆ. ರಾತ್ರಿ ಗೇಟಿನ ಸದ್ದಾದರೆ ನನಗೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ದಾವೀದನ ಬಗ್ಗೆ ಬರೆದೆ’ ಎಂದಿದ್ದೀರಿ. ಇದನ್ನು ಓದಿ ನಿಮ್ಮ ಲೇಖನ ತೆರೆದರೆ ಮೊದಲ ಪುಟದಲ್ಲೇ ಈ ಸಾಲು: ‘ದಾವೀದನ ಹೃದಯದಲ್ಲಿ ಭಯದ ಲವಲೇಶವೂ ಇರಲಿಲ್ಲ.’

ಯಾರು ಹೇಳಿದರು ನಿಮಗೆ? ಒಂದನೆಯ ಸಮುವೇಲ, 21ನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಇಸ್ರಾಯೇಲಿನ ಅರಸ ಸೌಲನಿಂದ ತಪ್ಪಿಸಿಕೊಂಡ ದಾವೀದ ಒಬ್ಬನೇ ಯಾಜಕರ ಊರಾದ ನೋಬ್ ಊರಿಗೆ ಬರುತ್ತಾನೆ. ರಾಜನ ಕೆಲಸದ ಮೇಲೆ ಬಂದಿದ್ದೇನೆ ಎಂದು ಯಾಜಕ ಅಹೀಮೆಲೆಕನಿಗೆ ಸುಳ್ಳು ಹೇಳುತ್ತಾನೆ. ತಿನ್ನಲು ರೊಟ್ಟಿ ಬೇಡುತ್ತಾನೆ. ಆಯುಧ ಕೇಳಿದರೆ ಅಲ್ಲಿ ಇರುವುದು, ಹಿಂದೆ ತಾನೇ ಕೊಂದಿದ್ದ ದೈತ್ಯ ಗೊಲ್ಯಾತನ ಕತ್ತಿ ಒಂದೇ. ಅದನ್ನೇ ತೆಗೆದುಕೊಂಡು ಅದೇ ದಿನ ಓಡುತ್ತಾನೆ. ಎಲ್ಲಿಗೆ? ಇಸ್ರಾಯೇಲಿನ ಶತ್ರುಗಳಾದ ಫಿಲಿಷ್ಟಿಯರ ಗತ್ ಊರಿಗೆ. ಗೊಲ್ಯಾತ ಹುಟ್ಟಿ ಬೆಳೆದ ಊರಿಗೆ! ಬೇರೆ ದಾರಿಯೇ ಕಾಣದವನು ಮಾತ್ರ ಇಂಥ ಕಡೆ ಹೋಗಿ ಸೇರಿಕೊಳ್ಳುತ್ತಾನೆ, ಅಲ್ವಾ?

ಅಲ್ಲಿ ಅರಸ ಆಕೀಷನ ಸೇವಕರು ಅವನನ್ನು ಗುರುತು ಹಿಡಿಯುತ್ತಾರೆ. ಆಗ ದಾವೀದ ಆಕೀಷನಿಗೆ ಬಹಳವಾಗಿ ಹೆದರಿದ ಎಂದು 12ನೆಯ ವಚನದಲ್ಲಿ ಬರೆದೇ ಇದೆ. ನೀವು 10ನೆಯ ವಚನ ಹೇಳಿ, ನೇರವಾಗಿ 22ನೆಯ ಅಧ್ಯಾಯದ ಗವಿಗೆ ಹಾರಿದ್ದೀರಿ. ನಡುವೆ ಒಂದೇ ಸಾಲು: ‘ದೇವರ ಕೃಪೆಯಿಂದ ಆಕೀಷನ ಕೈಯಿಂದ ಪಾರಾದನು.’

ಪಾರಾದದ್ದು ಹೇಗೆ ಎಂದು ಓದುಗರಿಗೆ ಹೇಳಬೇಡವೇ? ಅವನು ಹುಚ್ಚನ ಹಾಗೆ ನಟಿಸಿದ. ಬಾಗಿಲಿನ ಕದಗಳನ್ನು ಕೆರೆದ. ಜೊಲ್ಲು ಗಡ್ಡದ ಮೇಲೆ ಇಳಿಯುವುದಕ್ಕೆ ಬಿಟ್ಟ. ನನಗೇನು ಹುಚ್ಚರ ಕೊರತೆಯೇ ಎಂದು ಆಕೀಷ ತನ್ನವರನ್ನೇ ಗದರಿದ. ಹತ್ತು ಸಾವಿರ ಜನರನ್ನು ಕೊಂದವನು ಎಂದು ಹೆಂಗಸರು ಹಾಡಿ ಕುಣಿದರಲ್ಲ, ಅದೇ ಮನುಷ್ಯ ಇವನು. ಮುಂದಿನ ಅರಸನೆಂದು ಪ್ರವಾದಿ ಸಮುವೇಲ ಬಂದು ತಲೆಗೆ ಎಣ್ಣೆ ಹೊಯ್ದದ್ದೂ ಇವನಿಗೇ. ಈ ಭಾಗ ಬರೆಯಲು ನಿಮಗೆ ನಾಚಿಕೆಯಾಗಿರಬೇಕು. ಬೈಬಲ್ ಬರೆದವರು ನಾಚಲಿಲ್ಲ, ನೀವೂ ನಾಚಬೇಡಿ.

56ನೆಯ ಕೀರ್ತನೆಗೂ ಹೀಗೇ ಮಾಡಿದ್ದೀರಿ. ಗತ್ ಊರಲ್ಲಿ ಫಿಲಿಷ್ಟಿಯರು ಹಿಡಿದಾಗ ದಾವೀದ ಹಾಡಿದ್ದು ಎಂದು ಅದರ ತಲೆಬರಹವೇ ಹೇಳುತ್ತದೆ. ನೀವು ಎತ್ತಿಕೊಂಡದ್ದು 11ನೆಯ ವಚನ: ದೇವರನ್ನು ನಂಬಿದ್ದೇನೆ, ಹೆದರುವುದಿಲ್ಲ. ಒಳ್ಳೆಯದು. ಆದರೆ 3ನೆಯ ವಚನದಲ್ಲಿ ಅವನು ಹೇಳುವುದು, ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಎಂದು. ಮೊದಲು ಹೆದರಿಕೆ ಬಂದಿದೆ. ಆ ಹೆದರಿಕೆಯಲ್ಲೇ ಅವನು ದೇವರ ಕಡೆ ತಿರುಗಿದ್ದಾನೆ. 4ನೆಯ ವಚನದಲ್ಲಿ ಹೆದರುವುದಿಲ್ಲ ಎನ್ನುತ್ತಾನೆ, ಮತ್ತೆ 6ರಲ್ಲಿ ಹೊಂಚು ಹಾಕುವವರು ನೆನಪಾಗುತ್ತಾರೆ, 8ರಲ್ಲಿ ಕಣ್ಣೀರು. ಆಮೇಲೆ 11ರಲ್ಲಿ ಅದೇ ಮಾತನ್ನು ಎರಡನೆಯ ಸಲ ಹೇಳುತ್ತಾನೆ. ಒಂದು ಸಲ ಹೇಳಿದ್ದು ಸಾಕಾಗಲಿಲ್ಲ ಅವನಿಗೆ. ಗೇಟಿನ ಸದ್ದಿಗೆ ಎಚ್ಚರವಾಗುವ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬೇಕು.

ನಾನು ಈ ಕೆಲಸ ಕಲಿತದ್ದು ಒಂದು ಸಣ್ಣ ಮಾಸಪತ್ರಿಕೆಯಲ್ಲಿ. ಕರಡು ತಿದ್ದುವುದು, ಅಂಚೆ ಒಡೆಯುವುದು, ವಿಳಾಸ ಬರೆಯುವುದು ನನ್ನ ಪಾಲು. ಒಮ್ಮೆ ಒಬ್ಬ ತಾಯಿಯ ಇನ್‌ಲ್ಯಾಂಡ್ ಪತ್ರ ಬಂತು. ನಂಬಿಕೆ ಇರುವವರಿಗೆ ಭಯವಿಲ್ಲ ಎಂದು ನಾವು ಹಿಂದಿನ ಸಂಚಿಕೆಯಲ್ಲಿ ಹಾಕಿದ್ದ ಲೇಖನ ಓದಿದ್ದರು. ಗಂಡನ ಮನೆಯವರು ಹೊರಗೆ ಹಾಕಿದ್ದರಂತೆ, ಮಗುವಿನ ಜೊತೆ ತಂಗಿಯ ಮನೆಯಲ್ಲಿದ್ದರಂತೆ. ‘ನನಗೆ ದಿನಾ ಹೆದರಿಕೆ ಆಗ್ತದೆ ಅಯ್ಯನವರೇ. ಹಾಗಾದ್ರೆ ನನಗೆ ನಂಬಿಕೆ ಇಲ್ವಾ?’ ಎಂದು ಕೇಳಿದ್ದರು. ನಮ್ಮ ಸಂಪಾದಕರು ಅದನ್ನು ಎರಡು ಸಲ ಓದಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು, 56ನೆಯ ಕೀರ್ತನೆಯನ್ನು ಪೂರ್ತಿ ಕೈಯಲ್ಲೇ ಬರೆದು, 3ನೆಯ ವಚನದ ಕೆಳಗೆ ಗೆರೆ ಎಳೆದು, ನನ್ನ ಕೈಗೆ ಕೊಟ್ಟರು. ಬೇರೆ ಒಂದು ಮಾತೂ ಸೇರಿಸಲಿಲ್ಲ. ‘ಈ ಹೊತ್ತಿನ ಟಪಾಲಿಗೇ ಹೋಗಲಿ’ ಎಂದರು. ನಮ್ಮ ಪುಟಗಳನ್ನು ಯಾರು, ಯಾವ ಸ್ಥಿತಿಯಲ್ಲಿ ಓದುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆ ದಿನ. ಆ ತಾಯಿ ನಿಮ್ಮ ‘ಲವಲೇಶವೂ ಇರಲಿಲ್ಲ’ ಓದಿದರೆ ಏನಾಗುತ್ತದೆ, ಯೋಚನೆ ಮಾಡಿ.

ಇನ್ನೊಂದು ಸಾಲು ನನಗೆ ಇನ್ನೂ ಜಾಸ್ತಿ ನೋವು ಕೊಟ್ಟಿತು. ಕೊನೆಯ ಪುಟದಲ್ಲಿ, ‘ಕರ್ತನು ಆ ಕ್ಷಣವೇ ಅವನನ್ನು ಎಲ್ಲ ಶತ್ರುಗಳಿಂದ ಬಿಡಿಸಿದನು’ ಎಂದು ಬರೆದಿದ್ದೀರಿ. ಆ ಕ್ಷಣವೇ? ಅದುಲ್ಲಾಮ್ ಗವಿಗೆ ಬಂದ ಮೇಲೆ ಅವನ ಸುತ್ತ ಸುಮಾರು 400 ಜನ ಸೇರಿದರು. ಕಷ್ಟದಲ್ಲಿದ್ದವರು, ಸಾಲ ಕೊಟ್ಟವರ ಕಾಟ ತಾಳಲಾಗದವರು, ಮನಸ್ಸು ಮುರಿದವರು. ವಯಸ್ಸಾದ ಅಪ್ಪ ಅಮ್ಮನನ್ನು ಮೋವಾಬಿನ ಅರಸನ ಆಶ್ರಯದಲ್ಲಿ ಬಿಡಬೇಕಾಯಿತು. ಅಲೆದಾಟ ನಿಲ್ಲಲೇ ಇಲ್ಲ. ಕೊನೆಗೊಂದು ದಿನ, ಸೌಲನ ಕೈಯಿಂದಲೇ ನನ್ನ ಸಾವು ಎಂದು ಮನಸ್ಸಿನಲ್ಲೇ ಅಂದುಕೊಂಡು, ಎರಡನೆಯ ಸಲ ಅದೇ ಗತ್ ಊರಿಗೆ ಹೋದ. ಫಿಲಿಷ್ಟಿಯರ ಸೀಮೆಯಲ್ಲೇ 1 ವರ್ಷ 4 ತಿಂಗಳು ಕಳೆದ. ಇದೂ ಅದೇ ಪುಸ್ತಕದ 27ನೆಯ ಅಧ್ಯಾಯದಲ್ಲಿದೆ.

ಬಿಡುಗಡೆ ಬಂದ ದಿನಗಳೂ ಇದ್ದವು. ಮಾವೋನಿನ ಕಾಡನ್ನು ನೋಡಿ. ಬೆಟ್ಟದ ಒಂದು ಪಕ್ಕದಲ್ಲಿ ದಾವೀದ, ಇನ್ನೊಂದು ಪಕ್ಕದಲ್ಲಿ ಸೌಲ, ಇನ್ನೇನು ಸುತ್ತುವರಿದು ಹಿಡಿಯಬೇಕು. ಅಷ್ಟರಲ್ಲಿ ಒಬ್ಬ ದೂತ ಓಡಿಬಂದು, ಫಿಲಿಷ್ಟಿಯರು ದೇಶದ ಮೇಲೆ ಬಿದ್ದಿದ್ದಾರೆ ಎನ್ನುತ್ತಾನೆ. ಸೌಲ ಹಿಂದಿರುಗುತ್ತಾನೆ. ಆಕಾಶ ಬಿರಿಯಲಿಲ್ಲ. ಯಾರಿಗೆ ಹೆದರಿ ಹುಚ್ಚನಾಗಿದ್ದನೋ ಅದೇ ಜನರ ದಾಳಿಯಿಂದ ಆ ದಿನ ದಾವೀದ ಉಳಿದ. ಎಂಥ ಜಾಗ ಇದು! ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ನೋಬ್ ಊರನ್ನೂ ನೀವು ಬಿಟ್ಟಿದ್ದೀರಿ. ದಾವೀದ ರೊಟ್ಟಿ ತಿಂದ ದಿನ ಸೌಲನ ಸೇವಕ, ಎದೋಮ್ಯನಾದ ದೋಯೇಗ ಅಲ್ಲೇ ಇದ್ದು ಎಲ್ಲ ನೋಡಿದ, ಹೋಗಿ ಸೌಲನಿಗೆ ಹೇಳಿದ. ಯಾಜಕರನ್ನು ಕೊಲ್ಲಿ ಎಂದಾಗ ಸೌಲನ ಸ್ವಂತ ಕಾವಲುಗಾರರೇ ಕೈ ಎತ್ತಲಿಲ್ಲ. ದೋಯೇಗ ಎತ್ತಿದ. ಒಂದೇ ದಿನ 85 ಯಾಜಕರು ಸತ್ತರು. ಆಮೇಲೆ ಊರಿನ ಹೆಂಗಸರು, ಮೊಲೆಕೂಸುಗಳು, ದನಕುರಿಗಳು ಕೂಡ. ತಪ್ಪಿಸಿಕೊಂಡ ಅಹೀಮೆಲೆಕನ ಮಗ ಎಬ್ಯಾತಾರ ಬಂದು ಹೇಳಿದಾಗ ದಾವೀದ ನೆಪ ಹೇಳಲಿಲ್ಲ. ನಿನ್ನ ಮನೆಯವರ ಸಾವಿಗೆ ನಾನೇ ಕಾರಣ, ನನ್ನ ಹತ್ತಿರ ಇರು, ಹೆದರಬೇಡ ಎಂದ. ಅಂದರೆ ದಾವೀದ ಉಳಿದ, 85 ಯಾಜಕರು ಉಳಿಯಲಿಲ್ಲ. ಅವರೂ ದೇವರ ಸೇವೆಯಲ್ಲೇ ಇದ್ದವರು. ಇದಕ್ಕೆ ಉತ್ತರ ಕೊಡಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ನನ್ನ ಹತ್ತಿರವೂ ಇಲ್ಲ. ಆದರೆ ದೇವರು ಬಿಡಿಸುತ್ತಾನೆ ಎಂದು ಬರೆಯುವವರು ನೋಬ್ ಊರನ್ನು ದಾಟಿಯೇ ಬರೆಯಬೇಕು, ಪಕ್ಕದ ದಾರಿ ಹಿಡಿಯಬಾರದು.

ಉಳಿದ ಭಾಗದ ಬಗ್ಗೆ ಈಗ ಏನೂ ಹೇಳುವುದಿಲ್ಲ. ತಲೆಬರಹ ತೆಗೆದುಬಿಡಿ. ಮೊದಲ ಎರಡು ಪುಟ ಬೇಡ, ಗತ್ ಊರಿನ ಬಾಗಿಲಿನಿಂದ ಶುರು ಮಾಡಿ. ನಿಮ್ಮ ಪತ್ರದ ಗೇಟಿನ ಮಾತನ್ನು ಲೇಖನದೊಳಗೆ ತನ್ನಿ, ಊರಿನ ಹೆಸರು ಬೇಡ. ಬರೆಯಲು ಆತುರ ಮಾಡಬೇಡಿ. ಡಿಸೆಂಬರ್ ಸಂಚಿಕೆಯಲ್ಲಿ ನಿಮಗಾಗಿ ನಾಲ್ಕು ಪುಟ ಇಟ್ಟುಕೊಂಡಿರುತ್ತೇನೆ. ನಿಮ್ಮ ಪ್ರಾರ್ಥನಾ ಕೂಟದವರು ಹೇಗಿದ್ದಾರೆ ಎಂದೂ ಒಂದು ಸಾಲು ಬರೆಯಿರಿ.

ನಿಮ್ಮ,
ಸಂಪಾದಕ