ಒಂಬತ್ತು ತಿಂಗಳ ದಡಾರ ಸೂಜಿ: ಮನೆಯವರ ಮಾತು ಕೇಳಬೇಕಾ, ಡಾಕ್ಟರ ಮಾತಾ?

ನೀವು ಕೇಳಿದ್ದು ಇಷ್ಟು. ಮಗಳಿಗೆ ಮುಂದಿನ ವಾರ ಒಂಬತ್ತು ತಿಂಗಳು ತುಂಬುತ್ತದೆ. ಗೊಬ್ಬರ (ದಡಾರಕ್ಕೇ ಹಳ್ಳಿ ಕಡೆ ಹಾಗಂತಾರೆ) ಎಲ್ಲರಿಗೂ ಬಂದು ಹೋಗೋದೇ, ಅದಕ್ಯಾಕೆ ಸೂಜಿ ಅಂತ ಅತ್ತೆ ಅಂತಾರೆ. ಅಮೆರಿಕದವರೇ ಲಸಿಕೆ ಬಿಡ್ತಿದ್ದಾರೆ ಅಂತ ಟೆಕ್ಸಾಸ್‌ನಲ್ಲಿರುವ ಮೈದುನ ವಿಡಿಯೋ ಕಳಿಸಿದ್ದಾರೆ. ಡಾಕ್ಟರನ್ನು ಕೇಳಿದರೆ ‘ಸುಮ್ನೆ ಹಾಕಿಸಿ’ ಅಂತ ಗದರಿದರು. ಯಾರ ಮಾತು ಕೇಳಲಿ?

ಹಾಕಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಡಾಕ್ಟರಿಗೂ ನನಗೂ ವ್ಯತ್ಯಾಸ ಇರಲ್ಲ, ಅಲ್ವಾ. ನಾನು ಡಾಕ್ಟರಲ್ಲ. ಹಳ್ಳಿಯ ಉಪಕೇಂದ್ರದಲ್ಲಿ ಸಿಸ್ಟರ್. ಗುರುವಾರ ಬಂತೆಂದರೆ ಲಸಿಕೆ ಡಬ್ಬಿ ಹೆಗಲಿಗೇರಿಸಿಕೊಂಡು ಅಂಗನವಾಡಿಗೆ ಹೋಗುವವಳು. ಬೈಗುಳ, ಅಳು, ಕಾಫಿ ಮೂರೂ ಅಲ್ಲಿ ಸಿಗುತ್ತವೆ.

ಮೊದಲು ಅತ್ತೆಯವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಅವರು ಚಿಕ್ಕವರಿದ್ದಾಗ ಗೊಬ್ಬರ ಬರದ ಮಕ್ಕಳೇ ಕಡಿಮೆ, ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿದ್ದರು. ಸರ್ಕಾರಿ ಲಸಿಕೆಗಳ ಪಟ್ಟಿಗೆ ದಡಾರ ಸೇರಿದ್ದೇ 1985ರಲ್ಲಿ. ಅದಕ್ಕೂ ಮುಂಚಿನವರ ಮನೆಯಲ್ಲಿ ಎಷ್ಟು ಹೆತ್ತಿರಿ, ಎಷ್ಟು ಉಳಿದವು ಅಂತ ಕೇಳಿ ನೋಡಿ. ತೀರಿಕೊಂಡ ಮಗು ಗೊಬ್ಬರದಿಂದ ಹೋಯಿತು ಅಂತ ಬಹಳ ಜನ ಹೇಳಲ್ಲ. ದದ್ದು ಇಳಿದ ಮೇಲೆ ಭೇದಿ ಹತ್ತಿತು ಅಂತಾರೆ. ಕೆಮ್ಮು ದಮ್ಮು ಜಾಸ್ತಿಯಾಯಿತು ಅಂತಾರೆ. ದಡಾರ ಕೊಲ್ಲುವ ರೀತಿಯೇ ಅದು. ಮೈ ಮೇಲಿನ ಕೆಂಪು ಹೋಗುತ್ತದೆ, ಒಳಗೆ ಮಗುವಿನ ರೋಗನಿರೋಧಕ ಶಕ್ತಿ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕುಗ್ಗಿರುತ್ತದೆ. ಆಮೇಲೆ ನ್ಯುಮೋನಿಯಾ ಬರುತ್ತದೆ, ಭೇದಿ ಬರುತ್ತದೆ. ವಿಟಮಿನ್ ಎ ಕಡಿಮೆ ಇರುವ ಮಕ್ಕಳಿಗೆ ಕಣ್ಣೇ ಹೋಗಬಹುದು. ಸಾವಿರದಲ್ಲಿ ಒಂದು ಮಗುವಿಗೆ ಮೆದುಳಿಗೆ ಏರುತ್ತದೆ. ಆ ಸಾವುಗಳ ಹೊಣೆ ದಡಾರದ ಹೆಸರಿಗೆ ಅಂಟಿಕೊಳ್ಳಲೇ ಇಲ್ಲ, ಅದಕ್ಕೇ ಅತ್ತೆಯವರಿಗೆ ಅದು ‘ಬಂದು ಹೋಗುವ’ ಕಾಯಿಲೆ.

ಮೈ ಮೇಲೆ ಕೆಂಪು ಎದ್ದರೆ ಈಗಲೂ ಎಷ್ಟೋ ಮನೆಗಳಲ್ಲಿ ‘ಅಮ್ಮ ಬಂದಿದ್ದಾಳೆ’ ಅಂತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಒಳಗೆ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಬರುವಂತಿಲ್ಲ, ಮಾತ್ರೆ ಕೊಡುವಂತಿಲ್ಲ. ಬೇವಿನ ಸೊಪ್ಪಿನ ಮೇಲೆ ನನ್ನ ತಕರಾರೇನೂ ಇಲ್ಲ. ಹೊರಗಿನವರನ್ನು ದೂರ ಇಡೋದಂತೂ ಒಳ್ಳೆಯದೇ. ನನ್ನ ಸಂಕಟ ಏನೆಂದರೆ ಆಶಾ ಕಾರ್ಯಕರ್ತೆಗೂ ಹೇಳದೆ ಮುಚ್ಚಿಡುತ್ತಾರೆ. ದಡಾರ ಬಂದ ಮಗುವಿಗೆ ಇವತ್ತೊಂದು ನಾಳೆಯೊಂದು ವಿಟಮಿನ್ ಎ ಡೋಸ್ ಹೋಗಬೇಕು. ಅದು ತಪ್ಪುತ್ತದೆ. ಪಕ್ಕದ ಮನೆಯ ಕೂಸಿಗೆ ಲಸಿಕೆ ಆಗಿದೆಯಾ ಅಂತ ನಾವು ನೋಡುವ ಹೊತ್ತಿಗೆ ತಡವಾಗಿರುತ್ತದೆ. ದದ್ದು ಏಳುವ ನಾಲ್ಕು ದಿನ ಮುಂಚಿನಿಂದಲೇ ಮಗು ಬೇರೆಯವರಿಗೆ ಅಂಟಿಸುತ್ತಿರುತ್ತದೆ. ಆಗ ನೋಡಿದರೆ ಬರೀ ಜ್ವರ, ನೆಗಡಿ, ಕೆಂಪು ಕಣ್ಣು. ಆ ಮಗು ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ವೈರಸ್ ಇರಬಹುದು. ಲಸಿಕೆಯೂ ಆಗದ, ಕಾಯಿಲೆಯೂ ಬರದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಬಂದೇ ಬರುತ್ತದೆ. ಅದಕ್ಕೇ ಊರಿನಲ್ಲಿ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಅಂತ ನಮ್ಮ ತಲೆ ತಿನ್ನುತ್ತಾರೆ. 2019ರಿಂದ 21ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪುಟ್ಟ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಆದವರು ನೂರಕ್ಕೆ 84ರ ಆಸುಪಾಸು.

ಉಳಿದ ಮಕ್ಕಳ ತಂದೆತಾಯಿ ಎಲ್ಲರೂ ಲಸಿಕೆ ಬೇಡ ಅಂದವರು ಅಂದುಕೊಳ್ಳಬೇಡಿ. ಕಬ್ಬು ಕಡಿಯಲು ಬಂದವರು, ಇಟ್ಟಿಗೆ ಭಟ್ಟಿಯವರು, ಕಟ್ಟಡ ಕೆಲಸದ ಶೆಡ್ಡಿನಲ್ಲಿರುವವರು. ಅವರನ್ನು ಯಾರೂ ಕೇಳಿಯೇ ಇರಲ್ಲ. 2022ರ ಕೊನೆಯಲ್ಲಿ ಮುಂಬೈನ ಗೋವಂಡಿ ಕಡೆ ದಡಾರ ಎದ್ದು ಮಕ್ಕಳು ಸತ್ತಾಗಲೂ ಹೆಚ್ಚು ಪೆಟ್ಟು ಬಿದ್ದದ್ದು ಇಕ್ಕಟ್ಟಿನ ಬಡ ಬಸ್ತಿಗಳಿಗೆ, ಲಸಿಕೆ ತಲುಪದ ಮಕ್ಕಳಿಗೆ. ಟೀವಿಯಲ್ಲಿ ಕೂತು ಜನ ಮೂಢರು ಅನ್ನೋದು ಸುಲಭ.

ಈಗ ಟೆಕ್ಸಾಸ್. ಅಮೆರಿಕದಲ್ಲಿ ಕೆಲವರು ಬಿಡುತ್ತಿರೋದು ನಿಜ. ಬಿಟ್ಟ ಮೇಲೆ ಏನಾಯಿತು ಅನ್ನೋದು ಆ ವಿಡಿಯೋದಲ್ಲಿ ಇರಲಿಕ್ಕಿಲ್ಲ. ಆ ದೇಶ 2000ದಲ್ಲಿ ದಡಾರವನ್ನು ತೊಲಗಿಸಿದ್ದೇವೆ ಅಂತ ಘೋಷಿಸಿಕೊಂಡಿತ್ತು. 2025ರ ಜನವರಿಯಲ್ಲಿ ಟೆಕ್ಸಾಸ್‌ನ ಗೇನ್ಸ್ ಕೌಂಟಿಯಲ್ಲಿ, ಲಸಿಕೆ ಹಾಕಿಸದವರು ಜಾಸ್ತಿ ಇದ್ದ ಸಮುದಾಯದಲ್ಲಿ ಶುರುವಾದದ್ದು ಆಗಸ್ಟ್‌ವರೆಗೂ ನಡೆಯಿತು. ಆ ರಾಜ್ಯವೊಂದರಲ್ಲೇ 762 ಜನಕ್ಕೆ ಬಂತು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ವಿಟಮಿನ್ ಎ ಒಳ್ಳೆಯದಂತೆ ಅಂತ ಕೆಲವರು ಮನೆಯಲ್ಲೇ ಮಕ್ಕಳಿಗೆ ಮಿತಿಮೀರಿ ಕುಡಿಸಿದ್ದರು, ದಡಾರಕ್ಕೆ ಆಸ್ಪತ್ರೆ ಸೇರಿದ ಕೆಲವು ಮಕ್ಕಳಲ್ಲಿ ಲಿವರ್‌ಗೂ ತೊಂದರೆಯಾದದ್ದು ಕಂಡಿತು. ದಡಾರ ಬಂದವರಿಗೆ ವಿಟಮಿನ್ ಎ ಅಳತೆಯಲ್ಲಿ ಕೊಡುವ ಔಷಧ. ಅದು ಕಾಯಿಲೆ ಬರದ ಹಾಗೆ ತಡೆಯಲ್ಲ.

ಈ ಸೂಜಿಯಿಂದ ಮಗುವಿಗೆ ಆಟಿಸಂ (ಮಾತು, ಬೆರೆಯೋದಕ್ಕೆ ತೊಡಕಾಗುವ ಬೆಳವಣಿಗೆಯ ತೊಂದರೆ) ಬರುತ್ತದೆ ಅನ್ನುವ ಮಾತೂ ಓಡಾಡುತ್ತದೆ, ಅದನ್ನು ಬೇಗ ಮುಗಿಸುತ್ತೇನೆ. 1998ರಲ್ಲಿ ವೇಕ್‌ಫೀಲ್ಡ್ ಅನ್ನುವ ಇಂಗ್ಲೆಂಡಿನ ಡಾಕ್ಟರು 12 ಮಕ್ಕಳನ್ನು ಇಟ್ಟುಕೊಂಡು ಬರೆದ ಲೇಖನದಿಂದ ಹುಟ್ಟಿದ ಮಾತು ಅದು. 2010ರಲ್ಲಿ ಪತ್ರಿಕೆ ಲೇಖನವನ್ನೇ ವಾಪಸ್ ತೆಗೆದುಕೊಂಡಿತು, ಅವರ ಡಾಕ್ಟರಿಕೆಯ ನೋಂದಣಿಯೂ ಹೋಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಹೇಳಿದ್ದು ಒಂದೇ: ಸಂಬಂಧ ಇಲ್ಲ.

ಹಾಗಾದರೆ ಭಯಕ್ಕೆ ಕಾರಣವೇ ಇಲ್ವಾ? ಇದೆ. ಡಾಕ್ಟರುಗಳು ಬಾಯಿಬಿಡದ ಜಾಗ ಇದೇ, ನಾನು ಇಲ್ಲೇ ಸ್ವಲ್ಪ ನಿಲ್ಲುತ್ತೇನೆ.

ಪೆಸಿಫಿಕ್ ಸಾಗರದಲ್ಲಿ ಸಮೋವಾ ಅಂತ ದೇಶ ಇದೆ. ಎರಡು ಲಕ್ಷ ಜನ, ಅಷ್ಟೇ. 2018ರ ಜುಲೈನಲ್ಲಿ ಅಲ್ಲಿ ದಡಾರದ ಲಸಿಕೆ ಹಾಕಿಸಿಕೊಂಡ ಎರಡು ಹಸುಗೂಸುಗಳು ಕೂಡಲೇ ಸತ್ತವು. ಲಸಿಕೆ ಪುಡಿಗೆ ಸೇರಿಸಬೇಕಾದ ನೀರಿನ ಬದಲು ಅವಧಿ ಮೀರಿದ ಬೇರೊಂದು ಔಷಧ ಬೆರೆಸಿದ್ದರು, ಆಪರೇಷನ್ನಿನಲ್ಲಿ ಸ್ನಾಯು ಸಡಿಲಿಸಲು ಕೊಡುವಂಥದ್ದು. ಇಬ್ಬರು ನರ್ಸ್‌ಗಳಿಗೆ ಜೈಲಾಯಿತು. ಸರ್ಕಾರ ತಿಂಗಳುಗಟ್ಟಲೆ ಆ ಲಸಿಕೆಯನ್ನೇ ನಿಲ್ಲಿಸಿತು. ಮತ್ತೆ ಶುರು ಮಾಡಿದಾಗ ತಾಯಂದಿರು ಬರಲಿಲ್ಲ. ಬೇಡ ಅನ್ನುವ ಪ್ರಚಾರಕ್ಕೂ ಅದೇ ಸಮಯ ಸಿಕ್ಕಿತು. 2019ರ ಕೊನೆಗೆ ದಡಾರ ಬಂತು. 83 ಜನ ಸತ್ತರು, ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ಡಿಸೆಂಬರಿನಲ್ಲಿ ಎರಡು ದಿನ ಇಡೀ ದೇಶ ಬಂದ್ ಮಾಡಿ, ಲಸಿಕೆ ಬಾಕಿ ಇರುವವರು ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಹೇಳಿ, ಮನೆಮನೆಗೆ ಹೋಗಿ ಸೂಜಿ ಹಾಕಿದರು.

ದೂರದ ಕತೆ ಅನಿಸಿದರೆ ಹತ್ತಿರದ್ದು ಕೇಳಿ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ (ನಿಮ್ಮ ಮಗಳಿಗೆ ಹಾಕುವುದೂ ಇದೇ) ಹಾಕಿಸಿಕೊಂಡ ಮೂರು ಮಕ್ಕಳು ತೀರಿಕೊಂಡವು. ಲಸಿಕೆ ಇಟ್ಟ, ಕೊಟ್ಟ ರೀತಿಯಲ್ಲೇ ನಿರ್ಲಕ್ಷ್ಯವಾಗಿದೆ ಅಂತ ಇಲಾಖೆಯವರೇ ಹೇಳಿದರು, ಸಿಬ್ಬಂದಿಯನ್ನು ಅಮಾನತು ಮಾಡಿದರು. ಆ ಸುದ್ದಿ ಬಂದ ಮೇಲಿನ ಗುರುವಾರ ಬಂದ ತಾಯಂದಿರ ಕಣ್ಣು ನನ್ನ ಮುಖ ಬಿಟ್ಟು ಕೈ ಮೇಲೇ ಇತ್ತು. ಅವರದ್ದು ಸರಿಯಾಗಿತ್ತು. ನೋಡಬೇಕಾದದ್ದು ಕೈಯನ್ನೇ.

ಲಸಿಕೆ ಒಳ್ಳೆಯದಾ ಅನ್ನೋದನ್ನು ಲಕ್ಷಾಂತರ ಮಕ್ಕಳ ಮೇಲೆ ನೋಡಿಯಾಗಿದೆ. ಈ ಬಾಟಲಿ, ಈ ಮಧ್ಯಾಹ್ನ, ಈ ಅಂಗನವಾಡಿಯಲ್ಲಿ ಸರಿಯಿದೆಯಾ ಅನ್ನೋದನ್ನು ಮಾತ್ರ ಪ್ರತಿ ಸಲ ನೋಡಬೇಕು. ದಡಾರದ ಲಸಿಕೆ ಒಣ ಪುಡಿಯಾಗಿ ಬರುತ್ತದೆ. ಅದರ ಜೊತೆಗೇ ಬಂದ ನೀರನ್ನೇ ಬೆರೆಸಬೇಕು. ಬೆರೆಸಿದ ನಂತರ ನಾಲ್ಕು ಗಂಟೆ ಮಾತ್ರ, ಆಮೇಲೆ ಉಳಿದದ್ದನ್ನು ಎಸೆಯಬೇಕು. ಕೆಡದಂತೆ ಕಾಯುವ ರಾಸಾಯನಿಕ ಅದರಲ್ಲಿ ಇಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ಹಾಕಿದರೆ ಒಳಗೆ ಬೆಳೆದ ಬ್ಯಾಕ್ಟೀರಿಯಾ ಕೆಲವೇ ಗಂಟೆಯಲ್ಲಿ ಮಗುವಿನ ಜೀವ ತೆಗೆಯಬಲ್ಲದು. ಅದಕ್ಕೇ ತೆರೆದ ಹೊತ್ತನ್ನು ಬಾಟಲಿಯ ಮೇಲೆ ಬರೆಯುತ್ತೇವೆ. ಕೇಳಿ: ‘ಸಿಸ್ಟರ್, ಇದು ಎಷ್ಟು ಹೊತ್ತಿಗೆ ತೆರೆದದ್ದು?’ ತೋರಿಸಿ ಅನ್ನಿ. ಬಾಟಲಿ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಪುಡಿಗೆ ನೀರು ಬೆರೆಸುವ ಮುಂಚೆ ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿರಬೇಕು. ಸಿರಿಂಜನ್ನು ನಿಮ್ಮ ಮುಂದೆಯೇ ಕವರಿನಿಂದ ಬಿಚ್ಚಬೇಕು. ಹೀಗೆ ಕೇಳಿದ್ದಕ್ಕೆ ಯಾರಾದರೂ ಸಿಡುಕಿದರೆ ಸಿಡುಕಲಿ. ಒಳ್ಳೆಯ ಸಿಸ್ಟರಿಗೆ ಈ ಪ್ರಶ್ನೆ ಇಷ್ಟ. ಇನ್ನೊಂದು, ಒಂದೇ ಮಗು ಬಂದಿದ್ದರೂ ಬಾಟಲಿ ತೆರೆಯಬೇಕು ಅನ್ನೋದು ನಿಯಮ. ‘ಇನ್ನೂ ನಾಲ್ಕು ಮಕ್ಕಳು ಬರಲಿ’ ಅಂತ ವಾಪಸ್ ಕಳಿಸಿದರೆ ಹೋಗಬೇಡಿ.

ನಮ್ಮವರಲ್ಲೇ ಕೆಲವರು ಕಡ್ಡಾಯ ಮಾಡಬೇಕು ಅಂತಾರೆ. ಡಿಸ್ನಿಲ್ಯಾಂಡ್ ಅನ್ನುವ ಮನರಂಜನಾ ಪಾರ್ಕಿನಿಂದ ದಡಾರ ಹರಡಿದ ಮೇಲೆ ಕ್ಯಾಲಿಫೋರ್ನಿಯಾದವರು 2015ರಲ್ಲಿ ಕಾನೂನು ತಂದು, ನಂಬಿಕೆಯ ಕಾರಣ ಕೊಟ್ಟು ಶಾಲಾ ಮಕ್ಕಳಿಗೆ ಲಸಿಕೆ ತಪ್ಪಿಸುವ ದಾರಿ ಮುಚ್ಚಿದರು. ಅಲ್ಲಿ ಅದು ನಡೆಯಿತು. ನಮ್ಮ ಹಳ್ಳಿಯಲ್ಲಿ ಹಾಗೆ ಮಾಡಿದರೆ ಗುರುವಾರ ಎಲ್ಲರೂ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. 2017ರ ಫೆಬ್ರವರಿಯಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಎಲ್ಲರಿಗೂ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಬೆಂಗಳೂರಿನಿಂದಲೇ ಶುರುವಾಯಿತಲ್ಲ, ಆಗ ಇದರಿಂದ ಮುಂದೆ ಮಕ್ಕಳಾಗಲ್ಲ ಅನ್ನುವ ಮೆಸೇಜು ವಾಟ್ಸಾಪಿನಲ್ಲಿ ಓಡಾಡಿತು. ಶಾಲೆಯ ಗೇಟಿಗೆ ಓಡಿ ಬಂದ ಅಪ್ಪಂದಿರಿಗೆ ನಾವು ಅಂಕಿಅಂಶ ಹೇಳಿದರೆ ಒಂದೂ ಕಿವಿಗೆ ಬೀಳಲಿಲ್ಲ. ಅಲ್ಲಿದ್ದ ಮೇಷ್ಟ್ರು ತಮ್ಮ ಮಗಳನ್ನೇ ಸಾಲಿನ ಮೊದಲಿಗೆ ನಿಲ್ಲಿಸಿದರು. ಗಲಾಟೆ ಅರ್ಧ ಇಳಿಯಿತು.

ನಿಮ್ಮ ಡಾಕ್ಟರು ಗದರಿದ್ದು ತಪ್ಪೇ. ಅವರಿಗೆ ನೂರಾರು ಮಕ್ಕಳ ಲೆಕ್ಕ, ನಿಮಗೆ ಒಂದೇ ಮಗು. ಇದನ್ನು ಬಾಯಿಬಿಟ್ಟು ಹೇಳಿದ್ದರೆ ನೀವು ಇಲ್ಲಿ ಬಂದು ಅಪರಿಚಿತಳನ್ನು ಕೇಳುವ ಅಗತ್ಯ ಇರಲಿಲ್ಲ.

ಇನ್ನು ಆ ದಿನದ ವಿಷಯ. ಒಂಬತ್ತು ತಿಂಗಳಿಗೆ ಸರ್ಕಾರಿ ಪಟ್ಟಿಯಲ್ಲಿ ಮೂರು ಸೂಜಿ ಇರುತ್ತವೆ, ಮೆದುಳು ಜ್ವರದ ಜಿಲ್ಲೆಯಾದರೆ ನಾಲ್ಕು. ಮಗು ಕಿರುಚುತ್ತದೆ, ನಿಮಗೂ ಅಳು ಬರುತ್ತದೆ. ದಡಾರದ್ದು ಬಲ ತೋಳಿಗೆ, ಚರ್ಮದ ಕೆಳಗೆ. ಬಾಯಿಗೆ ವಿಟಮಿನ್ ಎ ಹಾಕುತ್ತೇವೆ. ಅರ್ಧ ಗಂಟೆ ಅಲ್ಲೇ ಕೂರಿ. ಮೈಗೆ ಒಗ್ಗದೆ ಉಸಿರು ಕಟ್ಟುವ ತೊಂದರೆ ಹತ್ತು ಲಕ್ಷ ಡೋಸಿಗೆ ಒಂದರಂತೆ ಆಗಬಹುದು. ಆಗುವುದಾದರೆ ಬೇಗ ಆಗುತ್ತದೆ, ಔಷಧ ನಮ್ಮ ಬ್ಯಾಗಿನಲ್ಲೇ ಇರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಒಂದು ವಾರದ ನಂತರದ ಜ್ವರ. ಉಳಿದ ಸೂಜಿಗಳ ಜ್ವರ ಆ ರಾತ್ರಿಯೋ ಮರುದಿನವೋ ಬರುತ್ತದೆ. ದಡಾರದ್ದು ಏಳರಿಂದ ಹನ್ನೆರಡನೇ ದಿನದೊಳಗೆ, ನೂರಕ್ಕೆ ಐದರಿಂದ ಹದಿನೈದು ಮಕ್ಕಳಿಗೆ. ಕೆಲವರಿಗೆ ಮೈ ಮೇಲೆ ಸಣ್ಣ ದದ್ದೂ ಕಾಣಬಹುದು. ಲಸಿಕೆಯಲ್ಲಿರುವ ಬಲ ಕುಂದಿಸಿದ ವೈರಸ್ ಕೆಲಸ ಶುರು ಮಾಡಿದೆ ಅಂತ ಅರ್ಥ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಮೂರು ನಾಲ್ಕು ಸಾವಿರಕ್ಕೆ ಒಂದು ಮಗುವಿಗೆ ಆ ಜ್ವರದಲ್ಲಿ ಫಿಟ್ಸ್ ಬರಬಹುದು, ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದನ್ನು ಮುಂಚೆಯೇ ಹೇಳದಿದ್ದರೆ ತಾಯಿ ಒಬ್ಬಳೇ ರಾತ್ರಿಯೆಲ್ಲ ಹೆದರುತ್ತಾಳೆ, ಮನೆಯವರು ‘ಹೇಳಿದ್ವಲ್ಲ’ ಅಂತಾರೆ. ಎರಡನೇ ಡೋಸಿಗೆ ಅವಳು ಬರಲ್ಲ. ನಾನು ನೋಡಿದ ಹಾಗೆ ವಾಟ್ಸಾಪಿಗಿಂತ ಜಾಸ್ತಿ ಮಕ್ಕಳನ್ನು ತಪ್ಪಿಸೋದು ಈ ಒಂದು ರಾತ್ರಿ. ಹೋಗುವಾಗ ಸಿಸ್ಟರ್ ನಂಬರನ್ನು ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ.

ಎರಡನೇ ಡೋಸ್ 16ರಿಂದ 24 ತಿಂಗಳ ಒಳಗೆ. ಬಿಡಬೇಡಿ. ಒಂಬತ್ತು ತಿಂಗಳಲ್ಲಿ ತಾಯಿಯಿಂದ ಬಂದ ರಕ್ಷಣೆ ಇನ್ನೂ ಸ್ವಲ್ಪ ಉಳಿದಿರುತ್ತದೆ, ಹಾಗಾಗಿ ಮೊದಲ ಡೋಸ್ ನೂರಕ್ಕೆ 85 ಮಕ್ಕಳಲ್ಲಿ ಮಾತ್ರ ಹಿಡಿಯುತ್ತದೆ. ಎರಡೂ ಆದರೆ 95 ದಾಟುತ್ತದೆ. ಖಾಸಗಿಯಲ್ಲಿ ಹಾಕಿಸುವ ಎಂಎಂಆರ್‌ನಲ್ಲಿ ಮಂಗನಬಾವಿನದ್ದೂ ಸೇರಿರುತ್ತದೆ, ವ್ಯತ್ಯಾಸ ಅಷ್ಟೇ. ದಡಾರದ ಮಟ್ಟಿಗೆ ಎರಡೂ ಒಂದೇ. ಅಲ್ಲಿ ಹಾಕಿಸಿದರೆ ಕಾರ್ಡ್ ತಂದು ಆಶಾಗೆ ತೋರಿಸಿ. ಇಲ್ಲದಿದ್ದರೆ ನಮ್ಮ ಪಟ್ಟಿಯಲ್ಲಿ ನಿಮ್ಮ ಮಗಳು ‘ಬಾಕಿ’ ಅಂತಲೇ ಇರುತ್ತಾಳೆ, ನಾವು ಬಂದು ಬಾಗಿಲು ತಟ್ಟುತ್ತಲೇ ಇರುತ್ತೇವೆ.