ಕತ್ತಿಗಿಂತ ಗುದ್ದಲಿಯೇ ಜಾಸ್ತಿ

ಓದುಗರ ಪ್ರಶ್ನೆ: ಸಮುರಾಯ್ ಅಂದರೆ ಒಡೆಯನಿಗಾಗಿ ಪ್ರಾಣ ಕೊಡಲು ತುದಿಗಾಲಲ್ಲಿ ನಿಂತವರು ಅಲ್ವಾ? ಯುದ್ಧ ಇಲ್ಲದ ದಿನ ಏನು ಮಾಡುತ್ತಿದ್ದರು?

ಸಂಪಾದಕರ ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಹಿಡಿಯೋಣ. ಅದನ್ನು ಯಾರೂ ಕೇಳುವುದೇ ಇಲ್ಲ. ಉತ್ತರ ಹೇಳಲು ಅಂಥ ಒಬ್ಬ ಬಂಟನ ದಿನಚರಿಯೇ ನಮಗೆ ಉಳಿದಿದೆ.

ಅವನ ಹೆಸರು ಮತ್ಸುದೈರಾ ಇಯೆತಾದ. ಹುಟ್ಟಿದ್ದು 1555ರಲ್ಲಿ. ಜಪಾನಿನ ಮಿಕಾವಾ ಸೀಮೆಯ ಫುಕೋಜು ಎಂಬಲ್ಲಿ ಸಣ್ಣ ಪಾಳೆಗಾರ, ಮುಂದೆ ಇಡೀ ದೇಶವನ್ನೇ ಆಳಿದ ಟೊಕುಗಾವ ಇಯೆಯಾಸುವಿನ ಕೈಕೆಳಗಿನವನು. 1577ರಿಂದ 1594ರವರೆಗಿನ ಅವನ ಬರಹದಲ್ಲಿ ವೀರಗಾಥೆ ಹುಡುಕಿದರೆ ಬೇಜಾರಾಗುತ್ತದೆ. ಮಳೆ ಬಂತು, ನೆರೆಗೆ ಒಡ್ಡು ಕಿತ್ತುಹೋಯಿತು, ಸರದಿ ಕಾವಲಿಗೆ ಮಕಿನೊ ಕೋಟೆಗೆ ಹೋದೆ, ಗೆಳೆಯರ ಜೊತೆ ರೆಂಗಾ ಕಟ್ಟಿದೆ. ಬಹುಪಾಲು ಇಂಥವೇ. ರೆಂಗಾ ಅಂದರೆ ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಮುಂದುವರಿಸುವ ಕವಿತೆ. ಕೋಟೆ ಕಟ್ಟಿಸುವುದರಲ್ಲಿ ಇವನದು ಪಳಗಿದ ಕೈ. ಸುನ್‌ಪು ಕೋಟೆಯ ಕಲ್ಲು ಮಣ್ಣಿನ ಕೆಲಸದಲ್ಲೇ ವರ್ಷಗಳು ಕಳೆದವು.

ನನಗೆ ಇಷ್ಟವಾದ ಸಾಲು 1582ರದು. ಆಗಿನ ಅತಿ ಪ್ರಬಲ ದೊರೆ ಓಡಾ ನೊಬುನಾಗನ ಪರಿವಾರದಲ್ಲಿ ಇಯೆತಾದ ಒಬ್ಬ ಆಫ್ರಿಕನ್ನನನ್ನು ನೋಡುತ್ತಾನೆ. ಹೆಸರು ಯಾಸುಕೆ, ಮೈಬಣ್ಣ ಕಪ್ಪು, ಎತ್ತರ ಆರು ಶಾಕು ಎರಡು ಬು ಎಂದು ಬರೆದಿಡುತ್ತಾನೆ. ಅಂದರೆ ಹತ್ತಿರಹತ್ತಿರ ಆರಡಿ. ಅಳತೆಯನ್ನೂ ಬಿಟ್ಟಿಲ್ಲ ನೋಡಿ. ಕೋಟೆ ಕಟ್ಟುವವನ ಕಣ್ಣು!

ಇನ್ನು ಒಡೆಯನ ಋಣದ ವಿಷಯ. ಅದರ ಬೇರು ಇದ್ದದ್ದು ಉಂಬಳಿಯಲ್ಲಿ. ಒಡೆಯ ಕೊಟ್ಟ ನೆಲದ ಹುಟ್ಟುವಳಿ ಉಣ್ಣಬೇಕು, ಕರೆ ಬಂದಾಗ ಅದಕ್ಕೆ ತಕ್ಕಷ್ಟು ಆಳು, ಕುದುರೆ, ಈಟಿ ಹೊಂದಿಸಿಕೊಂಡು ಹೊರಡಬೇಕು. 1590ರಲ್ಲಿ, ನೊಬುನಾಗನ ನಂತರ ಅಧಿಕಾರ ಹಿಡಿದ ಹಿದೆಯೋಶಿ, ಇಯೆಯಾಸುವನ್ನು ಪೂರ್ವದ ಕಾಂಟೊ ಸೀಮೆಗೆ ಎತ್ತಂಗಡಿ ಮಾಡಿದಾಗ ಇಯೆತಾದನೂ ಹಿರಿಯರ ಊರು ಬಿಟ್ಟು ಗಂಟುಮೂಟೆ ಕಟ್ಟಬೇಕಾಯಿತು. ಅಲ್ಲಿ ಸಿಕ್ಕಿದ್ದು ಓಶಿ ಕೋಟೆ, ಹತ್ತು ಸಾವಿರ ಕೊಕು ಹುಟ್ಟುವಳಿ. ಒಂದು ಕೊಕು ಅಂದರೆ ಒಬ್ಬ ಆಳಿನ ವರ್ಷದ ಅಕ್ಕಿ.

ಲೆಕ್ಕ ಸರಿಬರದಿದ್ದರೆ ಒಡೆಯನನ್ನೇ ಬದಲಿಸಿದವರೂ ಇದ್ದರು. ತೋದೊ ತಕಾತೊರ ಹೀಗೆ ಹಲವರ ಬಳಿ ದುಡಿದೂ ಕೊನೆಗೆ ದೊಡ್ಡ ಸಂಸ್ಥಾನದ ದೊರೆಯಾದ. ಅಕೆಚಿ ಮಿತ್ಸುಹಿದೆ ಅಂತೂ 1582ರಲ್ಲಿ ಸ್ವಂತ ಒಡೆಯ ನೊಬುನಾಗನ ಮೇಲೆಯೇ ದಂಡೆತ್ತಿ ಹೋದ. ನಾವು ಕೇಳುವ ‘ಬುಶಿದೊ’, ಅಂದರೆ ಸಮುರಾಯ್ ನಡತೆಯ ನೀತಿ, ನಿಯಮದ ಹಾಗೆ ಗಟ್ಟಿಯಾದದ್ದು ಯುದ್ಧಗಳೆಲ್ಲ ಮುಗಿದ ಮೇಲೆ.

ಹಾಗಂತ ನಿಮ್ಮ ಮೊದಲ ಪ್ರಶ್ನೆ ಸುಮ್ನೆ ಕೇಳಿದ್ದು ಅಂತಲೂ ಅಲ್ಲ. 1600ರಲ್ಲಿ ಇಯೆಯಾಸು ಪೂರ್ವಕ್ಕೆ ಹೊರಟಾಗ ಫುಶಿಮಿ ಕೋಟೆಯಲ್ಲಿ ಅವನ ಬಂಟ ತೊರಿಯ್ ಮೊತೊತಾದನ ಕೈಕೆಳಗೆ ಎರಡು ಸಾವಿರಕ್ಕೂ ಕಡಿಮೆ ಜನ ಉಳಿದರು. ಮುತ್ತಿದ ಇಯೆಯಾಸುವಿನ ವಿರೋಧಿಗಳು ಹತ್ತಾರು ಸಾವಿರ. ಕೋಟೆ ಉಳಿಯುವುದಿಲ್ಲ ಎಂದು ಒಳಗಿದ್ದವರಿಗೆಲ್ಲ ಗೊತ್ತಿತ್ತು. ಎರಡು ವಾರ ತುಂಬುವ ಮೊದಲೇ ಅದು ಬಿತ್ತು. ಸತ್ತವರಲ್ಲಿ ಇಯೆತಾದನೂ ಒಬ್ಬ. ದಿನಚರಿಯ ಹಾಳೆಗಳು 1594ಕ್ಕೇ ನಿಂತಿವೆ. ಆ ದಿನಗಳಲ್ಲಿ ಫುಶಿಮಿಯಲ್ಲಿ ಮಳೆ ಬಂತೋ, ಗೋಡೆಯ ಯಾವ ಮೂಲೆ ಮೊದಲು ಕುಸಿಯಿತೋ, ಅವನ ಕೈಬರಹದಲ್ಲಿ ನಮಗೆ ಸಿಕ್ಕಿಲ್ಲ.